ಮೆಲುಕು ಹಾಕುವ ಪ್ರಾಣಿಯ ಮೇಲಿನ ಹಲ್ಲು

ಗೂಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲು ಇರುವುದಿಲ್ಲ. ಇದು ನನಗೆ ಗೊತ್ತಾದದ್ದು ನಲವತ್ತೇಳನೆಯ ವಯಸ್ಸಿನಲ್ಲಿ, ಹೆಂಡತಿಯ ತವರೂರು ಸಿಂಧಘಟ್ಟದ ಒಂದು ಬೀಗರ ಊಟದಲ್ಲಿ, ಎಲೆ ಮುಂದೆ ಕೂತಿದ್ದ ಇಡೀ ಒಂದು ಸಾಲು ಜನರ ಸಮ್ಮುಖದಲ್ಲಿ.

ಗೊತ್ತಿರಬೇಕಿತ್ತು. ನಾನು ನಾಗಮಂಗಲದ ಕಡೆಯ ದನದ ಮನೆಯಲ್ಲಿ ಹುಟ್ಟಿದವನು. ನಮ್ಮಪ್ಪ ಎತ್ತು ಕೊಳ್ಳುವಾಗ ಅದರ ತುಟಿ ಎತ್ತಿ ಕೆಳಗಿನ ಹಲ್ಲು ಎಣಿಸುತ್ತಿದ್ದರು. ಮೇಲಿನ ಹಲ್ಲನ್ನು ಅವರು ಯಾಕೆ ಎಣಿಸುವುದಿಲ್ಲ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೇಳಬೇಕಾದರೆ ಹತ್ತಿರ ಹೋಗಬೇಕಿತ್ತು. ನಾನು ಹತ್ತಿರ ಹೋಗುತ್ತಿರಲಿಲ್ಲ.

ಈಗ ಪಾಂಡವಪುರದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬದ ಶುಭಾಶಯವೂ ಭಾವಪೂರ್ಣ ಶ್ರದ್ಧಾಂಜಲಿಯೂ ಒಂದೇ ಯಂತ್ರದಿಂದ ಹೊರಬರುತ್ತವೆ. ಇದರ ಫೋಟೋ ಅದಕ್ಕೆ ಹೋಗಿಬಿಟ್ಟರೆ ಎಂಬ ಯೋಚನೆಯಲ್ಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಕೆಲವು ವರ್ಷಗಳ ಹಿಂದೆ ಮೈಸೂರಿನವನೊಬ್ಬ ಚೌಕಳಿ ಹಾಕಿದ ಒಂದು ನಕ್ಷೆಯನ್ನು ಫ್ಲೆಕ್ಸ್ ಮೇಲೆ ಅಚ್ಚು ಹಾಕಿಸಲು ಬಂದ. ನಕ್ಷೆಯಲ್ಲಿ ಪಾಳುಕೋಟೆ, ಸುರಂಗ, ಮೂರು ತಲೆಯ ನಾಯಿ. ಯಾವ ಪಕ್ಷದ್ದಪ್ಪಾ ಇದು ಎಂದು ಕೇಳಿದೆ. ಆಟದ್ದು ಎಂದ. ಒಬ್ಬ ಕಥೆ ಹೇಳುತ್ತಾ ಹೋಗುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಅದರೊಳಗೆ ನುಗ್ಗುತ್ತಾರೆ. ಏಟು ಬಿತ್ತೋ ತಪ್ಪಿತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಅವನು ಎರಡು ಗಂಟೆ ವಿವರಿಸಿದ. ಆ ದಿನ ಮೂರು ಶ್ರದ್ಧಾಂಜಲಿಗಳು ತಡವಾದವು.

ಅಂದಿನಿಂದ ಭಾನುವಾರ ಮಧ್ಯಾಹ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಆಟ. ಕಥೆ ಹೇಳುವವನು ನಾನು, ರಾಕ್ಷಸ ಪ್ರಾಣಿಗಳ ಚಿತ್ರ ಬರೆಯುವವನೂ ನಾನೇ. ಆಡುವವರು ಮೂವರು. ನನ್ನ ಹೆಂಡತಿ, ಕಳ್ಳಿಯ ಪಾತ್ರ. ಅರಕೆರೆಯಲ್ಲಿ ಆಲೆಮನೆ ಇಟ್ಟಿರುವ ಗೆಳೆಯ, ಬಿಲ್ಲುಗಾರ. ಮೂರನೆಯವರು ನನ್ನ ಹೆಂಡತಿಯ ಅಣ್ಣ, ನಮ್ಮ ಬಾವ. ಕೆ.ಆರ್. ಪೇಟೆಯಲ್ಲಿ ಮನೆ, ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ಮೂವತ್ತು ವರ್ಷ ಸೂಜಿ ಹಾಕಿ, ಕರು ಎಳೆದು, ಹಳ್ಳಿಗಳಲ್ಲಿ ಡಾಕ್ಟ್ರು ಅನ್ನಿಸಿಕೊಂಡವರು. ಅವರ ಪಾತ್ರ ಗದೆ ಹಿಡಿದ ಒಬ್ಬ ವೈದ್ಯವೀರ. ಬಲಗೈಯಲ್ಲಿ ಮುಟ್ಟಿದರೆ ಗಾಯ ಮಾಯುತ್ತದೆ. ಆ ಪಾತ್ರದ ವಿವರ ಬರೆದ ಹಾಳೆಯನ್ನು ಅವರು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬೈಕಿನ ಆರ್.ಸಿ. ಜೊತೆಗೇ ಜೋಪಾನ ಮಾಡುತ್ತಿದ್ದರು.

ಬೀಗರ ಊಟಕ್ಕೆ ಬರುತ್ತೇನೆ. ಮಟನ್ ಬಿದ್ದಿತ್ತು, ಮುದ್ದೆ ಮುರಿದಿದ್ದೆವು. ಅರಕೆರೆ ಗೆಳೆಯ ಸುಮ್ಮನಿರಲಾರದೆ ಫೋನು ತೆಗೆದು ನಾನು ಹೊಸದಾಗಿ ಬರೆದಿದ್ದ ಗೂಳಿಮೊಗದ ರಾಕ್ಷಸನನ್ನು ಸಾಲಿನುದ್ದಕ್ಕೂ ತೋರಿಸಿದ. ಎಲ್ಲರೂ ಚೆನ್ನಾಗಿದೆ ಅಂದರು. ಫೋನು ಬಾವನ ಕೈಗೆ ಹೋಯಿತು. ಅವರು ಎಡಗೈಯಲ್ಲಿ ಫೋನು, ಬಲಗೈಯಲ್ಲಿ ನಲ್ಲಿಮೂಳೆ ಹಿಡಿದು ಎರಡನ್ನೂ ಒಂದೇ ಗಮನದಿಂದ ನೋಡಿ, ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೇಳಿದರು.

"ಯಾರ್ಲಾ ಬರ್ದೋನು ಇದ್ನ?"

"ನಿಮ್ ಬಾವ್ನೋರೇ ಕಣಣ್ಣ," ಅಂದ ಗೆಳೆಯ.

"ಅಯ್ಯೋ! ಗೂಳಿಗೆ ಮ್ಯಾಲೆ ಮುಂದಲ್ಲು ಮಡಗವ್ನಲ್ಲಾ! ಒಂದಲ್ಲ ಎರಡಲ್ಲ, ಸಾಲಾಗಿ! ನಗ್ತಾ ಬೇರೆ ಅದೆ! ಯಾವ ಟೂತ್‌ಪೇಸ್ಟ್ ಬಾವ್ನೋರೆ ಇದ್ಕೆ?"

ಸಾಲು ನಕ್ಕಿತು. ಎದುರು ಸಾಲಿಗೂ ವಿಷಯ ತಲುಪಿ ಅದೂ ನಕ್ಕಿತು. ಸಾರು ಬಡಿಸುತ್ತಿದ್ದವನು ಬಕೆಟ್ಟು ಕೆಳಗಿಟ್ಟು ನಕ್ಕ. ನಮ್ಮತ್ತೆ ಸೆರಗು ಬಾಯಿಗಿಟ್ಟುಕೊಂಡರು. ಎಲ್ಲಕ್ಕಿಂತ ಹೆಚ್ಚು ನಕ್ಕವಳು ನನ್ನ ಹೆತ್ತ ತಾಯಿ. "ಇವ್ನು ಚಿಕ್ಕೋನಾಗಿದ್ದಾಗ್ಲೂ ಕೊಟ್ಟಿಗೆ ತಾವ್ ಬತ್ತಿರ್ಲಿಲ್ಲ ಕಣಪ್ಪ, ಕರ ಗುಮ್ತದೆ ಅಂತ," ಎಂದು ಸಾಕ್ಷಿ ಹೇಳಿದಳು. ಗುಮ್ಮುವುದು ಹಸು ಅಲ್ಲ, ಕರು. ಅದನ್ನೂ ಬಿಡಿಸಿ ಹೇಳಬೇಕಿತ್ತೇ?

ಬಾವ ಅಷ್ಟಕ್ಕೇ ಬಿಡಲಿಲ್ಲ. ಮೂಳೆಯನ್ನು ಎಲೆಯ ಅಂಚಿಗಿಟ್ಟು ಪಾಠ ಶುರುಮಾಡಿದರು. "ತಿಳ್ಕೊಳಿ ಬಾವ್ನೋರೆ. ಮೆಲುಕು ಹಾಕೋ ಯಾವ ಪ್ರಾಣಿಗೂ ಮ್ಯಾಲೆ ಹಿಂದ್ಗಡೆ ದವಡೆ ಹಲ್ಲು ಬುಟ್ರೆ ಬರೀ ವಸಡು. ಹಸ, ಎಮ್ಮೆ, ಕುರಿ, ಆಡು, ಯಾವ್ದುಕ್ಕೂ ಇಲ್ಲ. ಇದ್ರೆ ತಂದ್ ತೋರ್ಸಿ, ಇಲ್ಲಿ ಕುಂತಿರೋರ್ ಎದ್ರುಗೇ ನಂದು ತಪ್ಪು ಅಂತೀನಿ."

ನನಗೆ ಆ ದಿನದಿಂದ 'ಹಲ್ಲುಸೆಟ್' ಎಂದು ಹೆಸರಾಯಿತು. ಸಿಂಧಘಟ್ಟದಿಂದ ಯಾರಾದರೂ ಫ್ಲೆಕ್ಸಿಗೆ ಬಂದರೆ ಅಂಗಡಿಯ ಬೋರ್ಡು ಓದದೆ, "ಹಲ್ಲುಸೆಟ್ಟಪ್ಪನ ಅಂಗಡಿ ಇದೇನಾ?" ಎಂದು ಪಕ್ಕದ ಬೇಕರಿಯಲ್ಲಿ ಕೇಳುತ್ತಿದ್ದರು. ನನಗೆ ರಕ್ತದೊತ್ತಡವಿದೆ, ಸಕ್ಕರೆಯ ಅನುಮಾನವಿದೆ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವ ರೋಗವಿದೆ. ಇವುಗಳ ಜೊತೆಗೆ ಈಗ ಒಂದು ಆಸೆ ಸೇರಿಕೊಂಡಿತು. ಬಾವನ ಬಾಯಲ್ಲಿ 'ನಂದು ತಪ್ಪು' ಎಂಬ ಎರಡು ಮಾತು ಬರಬೇಕು, ಅದು ಅವರ ಕಡೆಯವರಿಗೆಲ್ಲ ಕೇಳಿಸಬೇಕು. ಗೂಳಿಯ ವಿಷಯದಲ್ಲಿ ಅವರದೇ ಸರಿ ಎಂದು ನನಗೆ ಗೊತ್ತಿತ್ತು. ಆದರೆ ಸೇಡಿಗೂ ಸರಿತಪ್ಪಿಗೂ ಅಷ್ಟೊಂದು ಬಳಕೆಯಿಲ್ಲ.

ಊಟದ ದಿನ ಗೆದ್ದ ರುಚಿ ಹತ್ತಿದ ಮೇಲೆ ಬಾವ ಆಟದಲ್ಲೂ ಅದನ್ನೇ ಹಿಡಿದರು. ನಾನು ರೆಕ್ಕೆಯ ಸಿಂಹ ತಂದರೆ, "ನಾಕು ಕಾಲು, ಎಲ್ಡ್ ರೆಕ್ಕೆ. ರೆಕ್ಕೆಗೆ ಹೆಗಲ ಮೂಳೆ ಎಲ್ಲದೆ? ಕೋಳಿ ಎದೆ ನೋಡು, ಎಷ್ಟು ದಪ್ಪ ಅದೆ. ಅದೇ ಹಾರಕಿಲ್ಲ. ನಿನ್ ಸಿಂಹಕ್ಕೆ ಎದೇನೇ ಇಲ್ಲ. ಇದು ಬಿದ್ದೋಯ್ತದೆ, ಬರ್ಕೊ." ಕುದುರೆಯ ಮೈಗೆ ಮನುಷ್ಯನ ಮೇಲ್ಭಾಗ ಅಂಟಿಸಿದವನನ್ನು ತಂದಾಗ ಕೋಣೆಯ ತುಂಬ ಓಡಾಡಿಬಿಟ್ಟರು. "ಎಲ್ಡ್ ಎದೆ, ಎಲ್ಡ್ ಹೊಟ್ಟೆ. ಇವ್ನು ಮುದ್ದೆ ತಿನ್ನನಾ, ಹುಲ್ಲು ತಿನ್ನನಾ? ಕೆಮ್ಮು ಬಂದ್ರೆ ಯಾವ ಎದೆಗೆ ಸೂಜಿ ಹಾಕನ?" ಮನೆಯಷ್ಟು ದೊಡ್ಡ ಜೇಡಕ್ಕೆ, ಅಷ್ಟು ದೊಡ್ಡ ಮೈಗೆ ಗಾಳಿ ಸಾಲದೆಂದು, ಉಸಿರು ಕಟ್ಟಿಸಿದರು. ಸೊಂಟದಿಂದ ಕೆಳಗೆ ಹಾವಾಗಿದ್ದ ಹೆಂಗಸಿಗೆ ಹೊಕ್ಕುಳಿದೆ ಎಂದು ನಾನು ಬರೆದಿದ್ದೇ ತಪ್ಪಾಯಿತು. "ಮೊಟ್ಟೆ ಇಕ್ಕೋ ಜಾತಿಗೆ ಹೊಕ್ಕುಳ್ಯಾಕಯ್ಯಾ?"

ಕೆಟ್ಟದ್ದು ಅಂದರೆ, ಪ್ರತಿ ವಾದಕ್ಕೂ ಅವರು ಪ್ರತಿಫಲ ಕೇಳುತ್ತಿದ್ದರು. ಪ್ರಾಣಿ ತನ್ನ ಕಾಲ ಮೇಲೆ ತಾನೇ ನಿಲ್ಲಲಾರದಾದರೆ ತಾನೇಕೆ ದಾಳ ಹಾಕಬೇಕು ಎಂದು. ಅರಕೆರೆಯವನು "ನ್ಯಾಯ ಕಣಣ್ಣ" ಅನ್ನುವನು. ನಾನು ತಿಂಗಳುಗಟ್ಟಲೆ ಬರೆದ ರಾಕ್ಷಸರು ಒಂದು ಏಟನ್ನೂ ತಿನ್ನದೆ ಬರೀ ಅಂಗರಚನೆಯಿಂದ ಸತ್ತರು.

ಹೀಗಿರುವಾಗ ಬಾಬುರಾಯನಕೊಪ್ಪಲಿನಲ್ಲಿ ಒಂದು ಹೋಟೆಲಿನ ಫ್ಲೆಕ್ಸ್ ಕಟ್ಟುವ ಕೆಲಸ ಬಂತು. ಏಣಿಯ ಮೇಲಿದ್ದೆ. ರಸ್ತೆಯಾಚೆ ಮರದ ನೆರಳಲ್ಲಿ ಒಂದು ಒಂಟೆ ಮಲಗಿತ್ತು. ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರನ್ನು ಕೂರಿಸಿ ಫೋಟೋ ಹೊಡೆಸಿಕೊಳ್ಳುವ ಒಂಟೆ. ನಾನು ತಂತಿ ಬಿಗಿಯುತ್ತಾ ನೋಡಿದೆ. ಅದರ ಗಂಟಲಿನಲ್ಲಿ ಏನೋ ಉಂಡೆ ಮೇಲೇರಿತು, ಕೆಳದವಡೆ ಪಕ್ಕಕ್ಕೆ ಸರಿದು ಸರಿದು ಅಗಿಯಿತು. ನುಂಗಿತು. ಇನ್ನೊಂದು ಉಂಡೆ ಏರಿತು.

ಮೆಲುಕು.

ಆಮೇಲೆ ಅದು ಆಕಳಿಸಿತು. ಮೇಲ್ದವಡೆಯಲ್ಲಿ, ಮುಂದೆ, ಎಡಕ್ಕೂ ಬಲಕ್ಕೂ, ಹಳದಿ ಬಣ್ಣದ ಚೂಪಾದ ಕೋರೆಗಳು. ನನ್ನ ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಹೋಟೆಲ್ ಮಾಲೀಕರ ಸ್ಕೂಟರಿನ ಮೇಲೆ ಬಿತ್ತು. ಅವರೇನೋ ಅಂದರು. ನನಗೆ ಕೇಳಿಸಲಿಲ್ಲ.

ಇನ್ನೊಬ್ಬನಾಗಿದ್ದರೆ ಆಗಲೇ ರಸ್ತೆ ದಾಟುತ್ತಿದ್ದ. ನಾನು ಮನೆಗೆ ಬಂದು, ಮೊದಲು ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಂಡು, ಎರಡು ದಿನ ತೋಳು ನೋವು ಅನುಭವಿಸಿ, ಮೂರನೆಯ ದಿನ ಉದ್ದ ತೋಳಿನ ದಪ್ಪ ಅಂಗಿ ಹಾಕಿಕೊಂಡು ಹೋದೆ. ಒಂಟೆಯವರು ವಯಸ್ಸಾದ ಸಾಬರು. ಅದರ ಬಾಯಿ ನೋಡಬೇಕು ಅಂದೆ.

"ಸವಾರಿ ಬೇಡ್ವಾ ಸಾಬ್?"

"ಬೇಡ. ಹಲ್ಲು."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಅರೆ, ಖರೀದಿಗೆ ಬಂದೋರೂ ಇಷ್ಟು ನೋಡಲ್ಲ. ನೋಡಿ. ಆದ್ರೆ ಕೈ ಹಾಕ್ಬೇಡಿ. ಇದು ಮೊದ್ಲು ಪ್ಯಾರ್ ಮಾಡ್ತದೆ, ಆಮೇಲೆ ಕಚ್ತದೆ. ಕಚ್ಚಿದ್ರೆ ಬಿಡಲ್ಲ."

ಹಸುವಿಗೆ ಔಷಧಿ ಕುಡಿಸುವವರು ಕೈ ಹಾಕುವುದು ಬಾಯಿಯ ಪಕ್ಕದಿಂದ. ಅಲ್ಲಿ ಹಲ್ಲಿಲ್ಲದ ಒಂದು ಖಾಲಿ ಜಾಗವಿದೆ. ಅಲ್ಲಿಂದ ಬೆರಳು ತೂರಿಸಿ ನಾಲಿಗೆ ಹಿಡಿದರೆ ಎಂಥ ಹೋರಿಯೂ ತಣ್ಣಗಾಗುತ್ತದೆ. ಬಾವ ಮೂವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಮಾಡಿದ ಕೆಲಸ. ಒಂಟೆಗೆ ಸರಿಯಾಗಿ ಅದೇ ಜಾಗದಲ್ಲಿ, ಮೇಲೂ ಕೆಳಗೂ, ಕೋರೆಗಳಿದ್ದವು. ನನ್ನ ಕಣ್ಣಲ್ಲಿ ನೀರು ಬಂತು. ಸೃಷ್ಟಿಯೇ ನನ್ನ ಪರವಾಗಿ ನಿಂತು ಬಾವನಿಗೊಂದು ಬಲೆ ಹೆಣೆದಿಟ್ಟಿತ್ತು. ನಲವತ್ತಮೂರು ಫೋಟೋ ತೆಗೆದೆ. ಮೆಲುಕು ಹಾಕುವ ವಿಡಿಯೋ ಬೇರೆ.

ಎರಡು ತಿಂಗಳು ಕೂತು ಪ್ರಾಣಿಯನ್ನು ಕಟ್ಟಿದೆ. ಕೊಂಬಿಡಬೇಕೆಂದು ಕೈ ಕಡಿಯಿತು, ಇಡಲಿಲ್ಲ. ರೆಕ್ಕೆಯಿಲ್ಲ, ಎರಡನೇ ತಲೆಯಿಲ್ಲ, ಬೆಂಕಿಯಿಲ್ಲ. ನಾಲ್ಕೇ ಕಾಲು. ಮಣ್ಣಿನಲ್ಲಿ ಹೂತುಹೋಗದ ಅಗಲ ಪಾದ. ಡುಬ್ಬವನ್ನು ಪಾಚಿಯಿಂದ ಮುಚ್ಚಿ ಕೋಟೆಯ ಕಂದಕದಲ್ಲಿ ಮಲಗಿಸಿದೆ, ದಿಬ್ಬದಂತೆ ಕಾಣಲಿ ಎಂದು. ಕತ್ತು ಮಡಿಸಿ, ಜೋಲು ತುಟಿಯಿಂದ ಬಾಯಿ ಮುಚ್ಚಿಸಿದೆ. ಅದರ ಮೈಯಲ್ಲಿ ತಪ್ಪು ಹುಡುಕಲು ಬಂದವನಿಗೆ ಒಂದೂ ಸಿಗಬಾರದು.

ಹೆಂಡತಿಗೆ ಹೇಳಿರಲಿಲ್ಲ. ಅಣ್ಣನಿಗೆ ಹೇಳಿಬಿಡುತ್ತಾಳೆಂಬ ಭಯ. ಆದರೆ ಒಂದು ದಿನ ಕರೆಂಟು ಬಿಲ್ಲಿನ ಫೋಟೋ ಹುಡುಕುತ್ತಾ ನನ್ನ ಫೋನು ತೆರೆದವಳು ಬಚ್ಚಲ ಬಾಗಿಲಿಗೆ ಬಂದು ನಿಂತಳು.

"ಏನ್ರೀ ಇದು? ಫೋನ್ ತುಂಬಾ ಒಂಟೆ ಬಾಯಿ?"

ಸೋಪಿನ ಮುಖದಲ್ಲೇ ಎಲ್ಲ ಒಪ್ಪಿಕೊಂಡೆ.

"ಅಂದ್ರೆ ನಮ್ಮಣ್ಣನ್ನ ಸಾಯಿಸ್ತೀರ."

"ಪಾತ್ರಾನ ಕಣೇ."

"ನಾನು ಪಿಯುಸಿನಲ್ಲಿ ಬರ್ದಿದ್ ಪದ್ಯನ ಇವ್ನು ಹಾಲಿನ ಡೇರಿ ಮುಂದೆ ಜೋರಾಗಿ ಓದಿದ್ದ," ಅಂದಳು. ಹಾಗೊಂದು ಪದ್ಯವಿತ್ತೆಂದು ನನಗೆ ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಗೊತ್ತೇ ಇರಲಿಲ್ಲ. "ನನ್ ಕಳ್ಳಿಗೆ ಮಾತ್ರ ಏನೂ ಆಗ್‌ಕೂಡದು. ಹಲ್ಲು ಸರಿಯಾಗಿ ಬರೀರಿ ಈ ಸಲನಾದ್ರೂ."

ಪ್ರಾಣಿ ಸಿದ್ಧವಾದ ಭಾನುವಾರ ಬಾವ ಕೋಳಿಸಾರು ಉಂಡು, ಬೆಲ್ಟು ಒಂದು ತೂತು ಸಡಿಲಿಸಿ ಕೂತರು. ನಾನು ಚಿತ್ರ ಹರಡಿದೆ. ಅವರು ಕನ್ನಡಕ ಏರಿಸಿ, ಸಂತೆಯಲ್ಲಿ ದನ ನೋಡುವವರಂತೆ ಕಾಲಿನಿಂದ ಶುರುಮಾಡಿದರು. ಗೊರಸು ಎಷ್ಟು? ಎರಡು ಬೆರಳು, ಮೆತ್ತಗಿನ ಅಂಗಾಲು. ಮೊಣಕಾಲು ಯಾವ ಕಡೆ ಮಡಿಸುತ್ತದೆ? ಮಡಿಸಬೇಕಾದ ಕಡೆಗೇ. ಎದೆ? ಸಾಕಷ್ಟು. ಹತ್ತು ನಿಮಿಷವಾದರೂ ತಪ್ಪು ಸಿಗಲಿಲ್ಲ. ಅವರ ಹಣೆಯಲ್ಲಿ ಬೆವರು ಕಂಡು ನನಗೆ ಫ್ಯಾನು ಹಾಕಬೇಕೆನಿಸಲಿಲ್ಲ.

"ಏನ್ ಮಾಡ್ತಾ ಅದೆ ಈಗ?"

"ಮಲಗಿದೆ. ಬಾಯಿ ಆಡಿಸ್ತಿದೆ."

"ಎಂಗೆ? ಮ್ಯಾಲ್ ಕೆಳೀಕಾ, ಪಕ್ಕುಕ್ಕಾ?"

"ಪಕ್ಕಕ್ಕೆ. ಆಗಾಗ ಗಂಟಲಿನಿಂದ ಏನೋ ಮೇಲೆ ಬರುತ್ತೆ."

ಬಾವ ಕುರ್ಚಿಗೊರಗಿ ನಕ್ಕರು. "ಮೆಲುಕಾಕ್ತಾ ಅದೆ! ಅಂಗಾದ್ರೆ ಕತೆ ಮುಗೀತು. ಬರೀ ವಸಡು. ನೋಡ್ಲಾ ಅರಕೆರೆ, ಕಲ್ತ್ಕೊ." ಗೆಳೆಯನ ಗಲ್ಲ ಹಿಡಿದು ತಿರುಗಿಸಿ, ಅವನ ತುಟಿಯ ಮೂಲೆಗೆ ಹೆಬ್ಬೆರಳಿಟ್ಟು ತೋರಿಸಿದರು. "ಇಲ್ಲಿಂದ ಕೈ ಬುಡಾದು, ನಾಲ್ಗೆ ಇಡ್ಕಳಾದು. ಆಮ್ಯಾಕೆ ನಾಯಿಮರಿಯಂಗೆ ಹಿಂದಿಂದೆ ಬತ್ತದೆ. ನಾನು ಗದೆ ಕೆಳೀಕ್ ಮಡಗಿ, ಬಲಗೈ ಬಾಯಿಗಾಕ್ತೀನಿ."

ನಮ್ಮ ಆಟದಲ್ಲಿ ಕಥೆ ಹೇಳುವವನು 'ಖಂಡಿತಾನಾ?' ಎಂದು ಕೇಳಿದರೆ ಅದು ಎಚ್ಚರಿಕೆ. ನ್ಯಾಯಕ್ಕೆ ಕೇಳಲೇಬೇಕು. ಕೇಳಿದೆ.

"ಖಂಡಿತಾನಾ ಬಾವ?"

"ಲೇ, ಮೂವತ್ ವರ್ಸ ಕಣಯ್ಯಾ. ನಂಗೇ ಬಾಯಿ ತೋರುಸ್ತೀಯಾ?"

ಹೆಂಡತಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ತಲೆ ಕೂಡ ಎತ್ತಲಿಲ್ಲ. ಅವಳ ಮೇಲೆ ನನಗೆ ಆ ಕ್ಷಣ ಹುಟ್ಟಿದ ಪ್ರೀತಿ ಮದುವೆಯ ಮೊದಲ ವರ್ಷದಲ್ಲೂ ಹುಟ್ಟಿರಲಿಲ್ಲ.

ಬಾವ ದಾಳ ಎಸೆದರು. ಹತ್ತೊಂಬತ್ತು. ಸಾಮಾನ್ಯವಾಗಿ ಅದು ಗೆಲುವು. "ಕೈ ಸಲೀಸಾಗಿ ಹೋಯಿತು," ಅಂದೆ. "ಮೊಣಕೈವರೆಗೆ ಹೋಯಿತು. ನಾಲಿಗೆ ಸಿಕ್ಕಿತು." ಅವರು ಗೆಳೆಯನಿಗೆ ಕಣ್ಣು ಹೊಡೆದರು. "ಮೇಲೂ ಕೆಳಗೂ ಕೋರೆಗಳಿದ್ದವು," ಅಂದು ನನ್ನ ದಾಳ ಎಸೆದೆ.

ಬಿದ್ದದ್ದು ಇಪ್ಪತ್ತು. ನಾನು ಜೀವಮಾನದಲ್ಲಿ ಯಾವ ಲಾಟರಿಯಲ್ಲೂ ಗೆದ್ದವನಲ್ಲ. ಬಲಗೈ ಹೋಯಿತು. ಗಾಯ ಮಾಯಿಸುವ ಶಕ್ತಿ ಇದ್ದದ್ದು ಆ ಕೈಯಲ್ಲೇ. ಬಿಲ್ಲುಗಾರ ಬಾಣ ಬಿಟ್ಟ, ತಪ್ಪಿತು. ಕಳ್ಳಿ ತನ್ನ ಸರದಿ ಬಂದಾಗ ಪ್ರಾಣಿಯ ಹಿಂದೆ ಬಿದ್ದಿದ್ದ ಒಂದು ಚಿನ್ನದ ಹಾರವನ್ನು ಎತ್ತಿಕೊಂಡು ಮರ ಹತ್ತಿದಳು. ಮೂರು ಸುತ್ತಿನಲ್ಲಿ ವೈದ್ಯವೀರ ಕಂದಕದಲ್ಲಿ ಕೊನೆಯುಸಿರೆಳೆದ.

"ಇದು ಮೋಸ," ಅಂದರು ಬಾವ. ದನಿ ಏರಿರಲಿಲ್ಲ, ಅದು ಇನ್ನೂ ಸಂತೋಷ ಕೊಟ್ಟಿತು. "ಇಂಥ ಪ್ರಾಣಿ ಪರ್ಪಂಚದಲ್ಲಿಲ್ಲ."

ಫೋನು ಮುಂದಿಟ್ಟೆ. ಮೊದಲು ಹಲ್ಲು, ಆಮೇಲೆ ವಿಡಿಯೋ. ವಿಡಿಯೋದ ಕೊನೆಯಲ್ಲಿ ಒಂಟೆ ನನ್ನ ಅಂಗಿಯ ಕಾಲರ್ ಹಿಡಿಯುವುದೂ, ನಾನು 'ಅವ್ವಾ' ಎಂದು ಕೂಗುವುದೂ ಇತ್ತು. ಕತ್ತರಿಸಲು ಮರೆತಿದ್ದೆ. ಯಾರೂ ನಗಲಿಲ್ಲ. ಬಾವ ಮೂರು ಸಲ ನೋಡಿದರು. ಪಾತ್ರದ ಹಾಳೆಯನ್ನು ಕವರಿನಿಂದ ತೆಗೆದು, ನಾಲ್ಕಾಗಿ ಮಡಿಸಿ, ಅಂಗಿಯ ಜೇಬಿಗಿಟ್ಟು ಎದ್ದು ಹೋದರು. ಚಪ್ಪಲಿ ಮೆಟ್ಟುವಾಗ ಗೋಡೆ ಹಿಡಿದುಕೊಂಡರು. ನಂದು ತಪ್ಪು ಅನ್ನಲಿಲ್ಲ.

ಎರಡು ಭಾನುವಾರ ಬರಲಿಲ್ಲ. ಫೋನೂ ಇಲ್ಲ. ಮೊದಲ ವಾರ ನಾನು ಅಂಗಡಿಯಲ್ಲಿ ಸಿಳ್ಳೆ ಹಾಕುತ್ತಾ ಕೆಲಸ ಮಾಡಿದೆ. ಎರಡನೆಯ ವಾರ ಚಿಂತೆ ಶುರುವಾಯಿತು. ಬಿ.ಪಿ. ಏರಿತೇ? ಹಸುಗಳಿಗೆ ತಪ್ಪು ಸೂಜಿ ಹಾಕಿಬಿಟ್ಟರೆ? ಆದರೆ ಕ್ಷಮೆ ಕೇಳುವ ಯೋಚನೆ ಒಮ್ಮೆಯೂ ಬರಲಿಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ. ನಾನವರನ್ನು ನಿಯಮದ ಪ್ರಕಾರ ಕೊಂದಿದ್ದೆ. ನನಗೆ ಬರಬೇಕಾದ ಮಾತು ಇನ್ನೂ ಬಂದಿರಲಿಲ್ಲ.

ಮೂರನೆಯ ಭಾನುವಾರ ಕೆಳಗೆ ಬೈಕು ನಿಂತಿತು. ಬಾವ ಮೆಟ್ಟಿಲು ಹತ್ತಿ ಬಂದರು. ಬಲತೋಳಿನ ಅಂಗಿ ಮೊಣಕೈವರೆಗೆ ಸೀಳಿ ನೇತಾಡುತ್ತಿತ್ತು.

"ಏನಾಯ್ತಣ್ಣ?" ಅಂದಳು ಹೆಂಡತಿ, ಎದ್ದು.

"ಏನೂ ಇಲ್ಲ, ಸುಮ್ಕಿರವ್ವ. ಶ್ರೀರಂಗಪಟ್ಟಣದಿಂದ ಬತ್ತಾ ಇವ್ನಿ." ಕೂತರು. ನೀರು ಕುಡಿದರು. "ಫೋಟೋದಲ್ಲಿ ಏನ್ ಬೇಕಾದ್ರೂ ಮಾಡ್ಬೌದು, ಇವ್ನು ಫ್ಲೆಕ್ಸ್ ಮಾಡೋನು, ಅಂದ್ಕಂಡೆ. ಕಣ್ಣಾರೆ ನೋಡ್ಬುಡಾನ ಅಂತ ಹೋದೆ. ಆ ಸಾಬ್ರು ಬ್ಯಾಡ ಬ್ಯಾಡ ಅಂದ್ರು. ಕೈ ಅದ್ರ ಪಾಡಿಗ್ ಅದು ಹೋಗ್ಬುಡ್ತು ಕಣಯ್ಯಾ. ರೂಢಿ."

ಹೆಂಡತಿ ತೋಳನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚರ್ಮಕ್ಕೆ ಒಂದು ಗೀರೂ ಇರಲಿಲ್ಲ. ನಾನು ಎರಡು ತಿಂಗಳು ಹೆಣೆದದ್ದನ್ನು ಒಂಟೆ ಒಂದು ನಿಮಿಷದಲ್ಲಿ, ದಾಳವಿಲ್ಲದೆ, ಮಾಡಿ ಮುಗಿಸಿತ್ತು. ನನಗೆ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

"ನಂದು ತಪ್ಪು," ಅಂದರು ಬಾವ, ಲೋಟ ನೋಡುತ್ತಾ.

ಬಂದೇಬಿಟ್ಟಿತು. ಎಷ್ಟು ಚಿಕ್ಕದಾಗಿತ್ತು! ಇಷ್ಟಕ್ಕೇ ಬಿಟ್ಟರೆ ಕಡಿಮೆಯೆನಿಸಿತು. "ನನಗೆ ಹೇಳಿದರೆ ಹೇಗೆ ಬಾವ," ಅಂದೆ. "ಸಾಲಿನಲ್ಲಿ ಕೂತಿದ್ದೋರ ಎದುರಿಗೆ ಅಂದಿದ್ರಿ."

ಅವರು ಫೋನು ತೆಗೆದು ಸಿಂಧಘಟ್ಟಕ್ಕೆ ಹಚ್ಚಿ, ಸ್ಪೀಕರ್ ಒತ್ತಿ, ಮೇಜಿನ ನಡುವೆ ಇಟ್ಟರು. ಅಲ್ಲಿ ಮನೆ ತುಂಬ ಜನವಿದ್ದ ಸದ್ದು. ಅತ್ತೆ ಎತ್ತಿದರು.

"ಅವ್ವಾ, ಎಲ್ರುಗೂ ಕೇಳಂಗ್ ಮಡಿಕೊ ಫೋನ. ಮೆಲುಕಾಕೋ ಪ್ರಾಣಿಗೂ ಮ್ಯಾಲೆ ಮುಂದ್ಗಡೆ ಹಲ್ಲಿರ್ತವೆ. ಒಂಟೆಗವೆ. ಅವತ್ತು ಬೀಗ್ರೂಟ್ದಲ್ಲಿ ನಾನಂದಿದ್ದು ತಪ್ಪು."

"ಯಾಕ್ಲಾ ಮಗ," ಅಂದರು ಅತ್ತೆ, "ಜ್ವರ ಗಿರ ಬಂದದಾ?"

"ಅವರಿಗೆ ಸರಿಯಾಗಿ ಕೇಳಿಸಲಿಲ್ಲ ಅನ್ಸುತ್ತೆ," ಅಂದೆ ನಾನು. "ಇನ್ನೊಂದು ಸಲ ಹೇಳಿ ಬಾವ."

ಹೆಂಡತಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಅರಕೆರೆಯವನು ಕಿಟಕಿಯಾಚೆ ನೋಡಿದ. ಬಾವ ಇನ್ನೊಂದು ಸಲ, ಪದ ಪದ ಬಿಡಿಸಿ, ಹೇಳಿದರು. ನನ್ನ ಮೈಯಲ್ಲಿ ಬಿಸಿ ಬೆಲ್ಲದ ಪಾಕ ಹರಿದಂತಾಯಿತು. ಮೂರನೆಯ ಸಲವೂ ಹೇಳಿಸಬಹುದಿತ್ತು. ಅದನ್ನು ಹೇಗೆ ಕೇಳುವುದೆಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ದನಿ ಬಂತು.

"ಅಂಗಾದ್ರೆ ಅಳಿಯಂದ್ರು ಬರ್ದಿದ್ ಗೂಳಿ ಸರೀನೇ ಅನ್ನು."

ಬಾವ ನನ್ನ ಕಡೆ ನೋಡಿದರು. ಅವರ ಮುಖ ನಿಧಾನವಾಗಿ ಅರಳಿತು. ಉಸಿರೆಳೆದುಕೊಂಡು ಬಾಯಿ ತೆರೆದರು.

ನಾನು ಕೈ ಚಾಚಿ ಫೋನು ಕಟ್ ಮಾಡಿದೆ.